ಗಾಲಿಯ ಮೇಲೊಂದು ಹಾಸಿಗೆ

ಎಲ್ಲಿ ತಲೆಯಿಟ್ಟರೂ ನಿದ್ದೆ ಹೋಗುವವರನ್ನು ನಾನು ನಂಬುವುದಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು, ಮದುವೆಮನೆಯ ಜಮಖಾನೆ, ಭಾಷಣ ನಡೆಯುತ್ತಿರುವ ವೇದಿಕೆ, ಎಲ್ಲವೂ ಅವರಿಗೆ ಹಾಸಿಗೆಯೇ. ಲೋಕದಲ್ಲಿ ಕೆಡುಕಾಗಬಹುದಾದ ಸಂಗತಿ ಒಂದೂ ಇಲ್ಲ ಎಂಬಂತೆ ಬಾಯಿ ತೆರೆದು ಮಲಗಿರುತ್ತಾರೆ. ನನಗೋ ರಾಯಚೂರಿನ ನನ್ನ ಮನೆಯಲ್ಲಿ, ಕಿಟಕಿಯ ಕಡೆಗಿರುವ ನನ್ನ ಅರ್ಧ ಮಂಚ ಬಿಟ್ಟರೆ ಬೇರೆಲ್ಲೂ ರೆಪ್ಪೆ ಕೂಡುವುದಿಲ್ಲ. ಬೇರೆಯವರ ಮನೆಯಲ್ಲಿ ದಿಂಬು ಒಂದು ರೀತಿ ಯೋಚಿಸುತ್ತದೆ, ನನ್ನ ಕುತ್ತಿಗೆ ಇನ್ನೊಂದು ರೀತಿ.

ಹೆಂಡತಿಗೆ ಬಳಗವೇ ಇಲ್ಲದಿದ್ದರೆ ಇದೊಂದು ಕಷ್ಟವೇ ಅಲ್ಲ. ಆದರೆ ನನ್ನ ಹೆಂಡತಿ ಸುವರ್ಣಾಳಿಗೆ ಮಾನ್ವಿಯಲ್ಲಿ ಚಿಗವ್ವ ಇದ್ದಾಳೆ. ತಾಯಿಯ ತಂಗಿ, ತಾಯಿ ತೀರಿಕೊಂಡ ಮೇಲೆ ಇವಳನ್ನು ಸಾಕಿ ಬೆಳೆಸಿದವಳು. ನಾವು ಹೋದಾಗಲೆಲ್ಲ ನಡುಮನೆಯ ಮಂಚಕ್ಕೆ ಮಡಿಕೆ ಬಿಚ್ಚದ ಹೊಸ ಚಾದರ ಹಾಸುತ್ತಾಳೆ. ಬೆಳಿಗ್ಗೆ ಚಹಾ ಕೊಡುತ್ತಾ ನಿದ್ದೆಯ ಸಮಾಚಾರ ಕೇಳುತ್ತಾಳೆ. ಕೆಂಡದಂಥ ಕಣ್ಣಿಟ್ಟುಕೊಂಡು ನಾನು ಭಾಳ ಛಲೋ ಆತ್ರಿ ಎನ್ನುತ್ತೇನೆ. ನಿಜ ಹೇಳಿಬಿಡುತ್ತೇನೆ ಎಂದು ಒಮ್ಮೆ ಹೊರಟಾಗ ಸುವರ್ಣಾ ತಡೆದಳು. "ಆಕಿ ಮನ್ಯಾಗ ನಿಮಗ ನಿದ್ದಿ ಹತ್ತಂಗಿಲ್ಲ ಅಂತ ಗೊತ್ತಾತಂದ್ರ, ಇನ್ನೊಮ್ಮಿ ನಮ್ಮನ್ನ ಕರಿಯಂಗಿಲ್ಲ. ನನಗ ತವರುಮನಿ ಅಂತ ಇರೂದು ಅದೊಂದಽ." ಹೀಗಾಗಿ ನಾನು ಎಚ್ಚರವಿದ್ದುಕೊಂಡೇ ಅವಳ ತವರನ್ನು ಕಾಪಾಡುತ್ತಾ ಬಂದೆ.

ಗಾಲಿಯ ಮೇಲಿನ ಮನೆಯನ್ನು ನಾನು ಮೊದಲು ಕಂಡದ್ದು ಶಕ್ತಿನಗರದ ಹತ್ತಿರ, ಕೃಷ್ಣೆಯ ಸೇತುವೆಯ ಮೇಲೆ. ಸಂಜೆಯ ಬಿಸಿಲಿನಲ್ಲಿ ಜೀಪೊಂದು ಅದನ್ನು ಎಳೆದುಕೊಂಡು ಹೋಗುತ್ತಿತ್ತು. ಹೀಗೆ ಬರೆದು ಸುವರ್ಣಾಳಿಗೆ ಓದಿ ಹೇಳಿದೆ. ಸೇತುವೆಯೂ ಇಲ್ಲ ಬಿಸಿಲೂ ಇಲ್ಲ, ಬಚ್ಚಲ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ನೋಡಿದ್ದು ಎಂದಳು. ಇರಬಹುದು. ನೆನಪು ತಾನು ಕಂಡದ್ದಕ್ಕೆಲ್ಲ ಒಂದು ನದಿ ಸೇರಿಸುತ್ತದೆ. ಎಲ್ಲಿ ಕಂಡರೇನು, ಅದರೊಳಗೆ ಒಂದು ಹಾಸಿಗೆ ಇತ್ತು; ನನ್ನದಾಗಬಹುದಾದ, ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದಾದ ಹಾಸಿಗೆ.

ಆಮೇಲೆ ಶುರುವಾಯಿತು ಆಯ್ಕೆಯ ಸಂಕಟ. ಛಾವಣಿಯ ಮೇಲೆ ಗುಡಾರ ಬಿಚ್ಚುವಂಥದ್ದೋ, ತಗಡಿನ ಪೆಟ್ಟಿಗೆಯಂಥದ್ದೋ? ಅಡುಗೆಕಟ್ಟೆ ಹಿಂದಿರಬೇಕೋ, ಪಕ್ಕದಲ್ಲೋ? ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನಾದ್ದರಿಂದ ಪ್ರತಿಯೊಂದೂ ಯಾವ ಕೋನಕ್ಕೆ ಮಗುಚುತ್ತದೆ ಎಂದು ನನಗೆ ಮೊದಲೇ ಕಾಣಿಸುತ್ತಿತ್ತು. ಊರಲ್ಲಿ ಟ್ರೇಲರ್ ಎಂದರೆ ಎಲ್ಲರೂ ಭತ್ತದ ಚೀಲ ಎಷ್ಟು ಹಿಡಿಸುತ್ತದೆ ಎಂದೇ ಕೇಳಿದರು. ರಸ್ತೆ ಇಲ್ಲದ ಕಡೆಯೂ ಹೋಗುವಂಥದ್ದು ಇದು ಎಂದು ಸುವರ್ಣಾಳಿಗೆ ವಿವರಿಸಿದೆ. ರಸ್ತೆ ಇರುವ ಕಡೆ ಹೋಗಿ ಬಂದರೆ ಸಾಕು, ಅದೇ ದೊಡ್ಡ ಸಾಹಸ ಎಂದಳು.

ಕೊನೆಗೆ ದೇವದುರ್ಗದ ಗುತ್ತಿಗೆದಾರರೊಬ್ಬರು ತಮ್ಮದನ್ನು ಮಾರುತ್ತಿದ್ದಾರೆಂದು ತಿಳಿಯಿತು. ಎತ್ತರದ ಗಾಲಿ, ಅಡಿಯಲ್ಲಿ ದಪ್ಪ ಸ್ಪ್ರಿಂಗ್ ಪಟ್ಟಿ, ಹಿಂಬದಿಯ ಮುಚ್ಚಳ ಎತ್ತಿದರೆ ಒಲೆ. ಪಟ್ಟಿ ಬಗ್ಗಿ ನೋಡಬೇಕು, ನನ್ನ ಜೀಪಿಗೆ ಸಿಕ್ಕಿಸುವ ಕೊಂಡಿ ಅಲ್ಲಾಡಿಸಬೇಕು, ಮುಖ ಸಿಂಡರಿಸಿ ದರ ಇಳಿಸಬೇಕು ಎಂದೆಲ್ಲ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಹಾಸಿಗೆ ಹೇಗಿದೆ ನೋಡೋಣವೆಂದು ಒಳಗೆ ಹೋಗಿ ಒಂದು ಗಳಿಗೆ ಅಡ್ಡಾದೆ.

ಎಚ್ಚರವಾದಾಗ ಗುತ್ತಿಗೆದಾರರು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೊರಗೆ ನೆರಳು ಉದ್ದವಾಗಿತ್ತು. ನನ್ನ ಕೆನ್ನೆಯ ಮೇಲೆ ದಿಂಬಿನ ಗೆರೆ. "ಸರ್, ಗೊರಕಿ ಹೊಡದ ಮ್ಯಾಲ ಏನ್ ಚೌಕಾಶಿ ಮಾಡ್ತೀರಿ? ಒಯ್ರಿ," ಎಂದರು. ಅವರು ಹೇಳಿದ ದರಕ್ಕೇ ಒಪ್ಪಿದೆ. ಜೀಪಿನ ಹಿಂದೆ ಕಟ್ಟಿಕೊಡುವಾಗ ಒಂದು ಮಾತು ಸೇರಿಸಿದರು: "ಬಿಚ್ಚಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಇಡ್ರಿ. ಬ್ರೇಕ್ ನಂಬಬ್ಯಾಡ್ರಿ." ಅವರಿಗೆ ಅದು ಸಾಧಾರಣ ಸೂಚನೆ. ನನ್ನೊಳಗೆ ಅದು ಮೊಳೆಯಂತೆ ಕೂತಿತು.

ನನ್ನ ಉಪಾಯ ಇಷ್ಟೇ. ಚೀಕಲಪರ್ವಿಯ ಹೊಳೆದಂಡೆಗೆ ಹೊರಟಿದ್ದೇವೆ ಎನ್ನುವುದು, ದಾರಿಯಲ್ಲಿ ಚಿಗವ್ವನ ಮನೆಯಲ್ಲಿ ಊಟ ಮಾಡುವುದು, ಮಲಗುವ ಹೊತ್ತಿಗೆ ನನ್ನ ಪೆಟ್ಟಿಗೆ ಸೇರುವುದು. ಆದರೆ ಮನೆಯೊಂದನ್ನು ಎಳೆದುಕೊಂಡು ಮಾನ್ವಿಯ ಬಜಾರು ದಾಟುವುದು ಗುಟ್ಟಿನ ಕೆಲಸವಲ್ಲ. ನಾವು ಓಣಿಗೆ ತಿರುಗುವಷ್ಟರಲ್ಲಿ ಚಿಗವ್ವ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸುವರ್ಣಾ ನನ್ನ ಮುಖ ನೋಡಿದಳು. ಮುಗಿಯಿತು, ತವರು ಹೋಯಿತು ಅಂದುಕೊಂಡೆ.

ಹೊಸ ಗಾಡಿಯ ಪೂಜೆಗೆಂದು ಗಾಲಿಯ ಕೆಳಗಿಡಲು ನಾನು ನಿಂಬೆಹಣ್ಣು ತೆಗೆದೆ. ಚಿಗವ್ವ ಅದನ್ನು ಕೈಯಿಂದ ಇಸಕೊಂಡು ಒಳಗೆ ಇಣುಕಿದಳು. ಹಾಸಿಗೆ ಒತ್ತಿ ನೋಡಿದಳು, ಹಿಂದೆ ಬಂದು ಒಲೆ ನೋಡಿದಳು.

"ಒಲಿ ಅದ, ಹಾಸಿಗಿ ಅದ, ಬಾಗಲಾ ಅದ. ಇದೇನ್ ಗಾಡಿ ಏನ್ರೀ ಅಳಿಯಂದ್ರೇ? ಇದು ಮನಿ. ಹಾಲು ಉಕ್ಕಿಸಬೇಕು."

ಉಕ್ಕಿಸಿದೆವು. ಬಾಗಿಲು ಪೂರ್ವಕ್ಕಿರಲಿ ಎಂದು ಓಣಿಯವರೆಲ್ಲ ಸೇರಿ ಟ್ರೇಲರನ್ನೇ ತಿರುಗಿಸಿದರು. ತೋರಣ ಬಂತು, ಪಕ್ಕದ ಮನೆಯವರು ಕುಪ್ಪಸದ ಕಣ ತಂದರು. ಊಟ ಮುಗಿಸಿ ನಾನು ಮೆಲ್ಲಗೆ ನನ್ನ ಹಾಸಿಗೆಯ ಕಡೆ ನಡೆದಾಗ ಚಿಗವ್ವ ಬಾಗಿಲಲ್ಲಿ ಅಡ್ಡ ನಿಂತಿದ್ದಳು. ಹಾಲು ಉಕ್ಕಿಸಿದ ದಿನ ಮನೆಯ ಹಿರಿಯರು ಅಲ್ಲಿ ಮಲಗಬೇಕಂತೆ. ಸಂಬಂಧದಲ್ಲಿ ಹಿರಿಯಳು ತಾನೇ. ನಡುಮನೆಯ ಮಂಚಕ್ಕೆ ಹೊಸ ಚಾದರ ಹಾಸಿಟ್ಟಿದ್ದಳು.

ಬೆಳಿಗ್ಗೆ ಅವಳು ಬಿಸಿಲೇರಿದ ಮೇಲೆ ಹೊರಗೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ. ಅದನ್ನು ನೋಡಿದಾಗ ನನಗೆ ಆದದ್ದು ಅಸೂಯೆ. ಇನ್ನೇನೋ ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ಸುವರ್ಣಾ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: "ಮದಿವ್ಯಾಗಿ ಬಂದಾಗಿಂದ ಈ ಮನ್ಯಾಗ ನನಗೂ ಸುದ್ದ ನಿದ್ದಿ ಹತ್ತಿಲ್ಲರೀ. ನಿಮ್ಮ ಕಣ್ಣು ನೋಡಿದಾಗೆಲ್ಲಾ ನಗು ಬರ್ತಿತ್ತು. ಸುವರ್ಣಾಗ ಹೇಳಬ್ಯಾಡ್ರಿ. ತವರುಮನಿ ಅಂತ ನಂಬ್ಯಾಳ."

ಇಷ್ಟಾದ ಮೇಲೆ ಟ್ರೇಲರನ್ನು ವಾಪಸು ಎಳೆದು ತರುವ ಎದೆ ಯಾರಿಗಿದೆ? ಅದು ಅಲ್ಲೇ ಅಂಗಳದಲ್ಲಿದೆ. ಚೀಕಲಪರ್ವಿಯ ಹೊಳೆದಂಡೆಯನ್ನು ಇನ್ನೂ ನೋಡಿಲ್ಲ. ಚಿಗವ್ವ ಅದರಲ್ಲೇ ಮಲಗುತ್ತಾಳೆ; ಸೆಕೆ ಎಂದು ನೆವ ಹೇಳುತ್ತಾಳೆ. ಆದರೆ ಆ ಅಂಗಳ ಬೀದಿಯ ಕಡೆಗೆ ತುಸು ಇಳಿಜಾರು, ಬೀದಿ ಕೆರೆಯ ಕಡೆಗೆ. ಇಳಿಜಾರಿನ ಮೇಲಿಟ್ಟ ವಸ್ತು ಏನು ಮಾಡುತ್ತದೆಂದು ಪ್ರತಿ ವರ್ಷ ಮಕ್ಕಳಿಗೆ ಚಿತ್ರ ಬರೆದು ತೋರಿಸುವವನು ನಾನು. ಅದಕ್ಕೇ ಈಗ ರಾಯಚೂರಿನ ನನ್ನ ಅರ್ಧ ಮಂಚದ ಮೇಲೂ ರೆಪ್ಪೆ ಕೂಡುವುದಿಲ್ಲ. ಮಲಗುವ ಮುಂಚೆ ದಿನಾ ಫೋನು ಮಾಡಿ, ಗಾಲಿಗೆ ಕಲ್ಲು ಇಟ್ಟೀರೇನ್ರೀ ಎಂದು ಕೇಳುತ್ತೇನೆ.

"ಇಟ್ಟೀನ್ರೀ, ಮಲಕೋರಿ," ಎನ್ನುತ್ತಾಳೆ ಆಕಳಿಸುತ್ತಾ. ಫೋನು ಇಡುವುದನ್ನೂ ಮರೆತು ಅಲ್ಲೇ ನಿದ್ದೆ ಹೋಗುತ್ತಾಳೆ. ನಾನು ಕಿವಿಗೆ ಹಿಡಿದುಕೊಂಡೇ ಇರುತ್ತೇನೆ, ಗೊರಕೆ ಒಂದೇ ಜಾಗದಿಂದ ಬರುತ್ತಿದೆಯೋ, ಇಳಿಜಾರಿನ ಕಡೆ ಸರಿಯುತ್ತಿದೆಯೋ ಎಂದು.