ಅರ್ಧ ದಾರಿಯಲ್ಲಿ ಮಾಯವಾದ ಕುದುರೆ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಮೆರಿಕದ ಹರ್ನ್‌ಡನ್ನಿನ ಯಶವಂತನ ಬೇಸ್‌ಮೆಂಟಿನಲ್ಲಿ ಒಂದು ಕುದುರೆ ಕಾಣೆಯಾಯಿತು.

ನಿಜವಾದ ಕುದುರೆಯಲ್ಲ, ಕಂಪ್ಯೂಟರಿನೊಳಗಿನ ಕುದುರೆ. ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೆಂದು ಯಶವಂತ ಮೂರು ವಾರ ಕೂತು ಗೊರಸಿನ ಸದ್ದು ಜೋಡಿಸಿದ್ದ. ಕುದುರೆ ಮುಂದಿನ ಸ್ಪೀಕರಿನಿಂದ ಹೊರಟು, ಸೋಫಾದ ಹಿಂದಿರುವ ಎರಡು ಸ್ಪೀಕರುಗಳನ್ನು ಸುತ್ತಿಕೊಂಡು, ಮತ್ತೆ ಮುಂದಕ್ಕೆ ಬರಬೇಕು. ಹೊರಡುವುದೇನೋ ಹೊರಟಿತು. ಟಪಟಪನೆ ಸೋಫಾದ ತನಕ ಬಂತು. ಆಮೇಲೆ ಸದ್ದೇ ಇಲ್ಲ. ಹತ್ತು ಸೆಕೆಂಡ್ ಕಳೆದ ಮೇಲೆ, ಏನೂ ಆಗಿಲ್ಲವೆಂಬಂತೆ ಮತ್ತೆ ಮುಂದಿನ ಸ್ಪೀಕರಿನಲ್ಲಿ ಓಡತೊಡಗಿತು.

"ಕುದುರೆ ಕಾಫಿಗೆ ಹೋಗಿತ್ತೇನ್ರೀ?" ಎಂದು ಮೆಟ್ಟಿಲ ಮೇಲಿಂದ ಹೆಂಡತಿ ವೇದಾ ಕೇಳಿದಳು.

ಯಶವಂತನಿಗೆ ನಗು ಬರಲಿಲ್ಲ. ಸಂಜೆ ನಾಲ್ಕಕ್ಕೆ ಸಂಘದ ಅಧ್ಯಕ್ಷೆ ಡಾಕ್ಟರ್ ಅನಸೂಯ ತಮ್ಮ ಕಮಿಟಿಯೊಂದಿಗೆ ಈ ಕುದುರೆಯನ್ನು ಕೇಳಲು ಬರುವವರಿದ್ದರು. ಕೇಳಿ ಮೆಚ್ಚಿದರೆ ಈ ವರ್ಷ ಸೌಂಡಿನ ಜವಾಬ್ದಾರಿ ಅವನದು. ಮೆಚ್ಚದಿದ್ದರೆ ಮತ್ತೆ ಪಾರ್ಕಿಂಗ್.

ಈ ಪಾರ್ಕಿಂಗಿನ ಸಂಕಟ ಏನೆಂದು ಹೇಳಿಬಿಡಬೇಕು. ನಾಲ್ಕು ವರ್ಷದಿಂದ ಪ್ರತಿ ಕಾರ್ಯಕ್ರಮದಲ್ಲೂ ಯಶವಂತನ ಜಾಗ ಕಾರ್ಯಕ್ರಮ ನಡೆಯುವ ಹೈಸ್ಕೂಲಿನ ಹೊರಗೆ. ಮೈಮೇಲೆ ಕಿತ್ತಳೆ ಜಾಕೆಟ್, ಬಾಯಲ್ಲಿ ಸೀಟಿ. ರೇಷ್ಮೆ ಸೀರೆ, ಜರಿ ಪಂಚೆಗಳೆಲ್ಲ ಕಾರಿಳಿದು ಬೆಚ್ಚಗೆ ಒಳಗೆ ಹೋದರೆ ಇವನು ನವೆಂಬರಿನ ಗಾಳಿಯಲ್ಲಿ "ಬನ್ನಿ, ಬನ್ನಿ, ಸ್ಟಾಪ್" ಎನ್ನುತ್ತಾ ನಿಲ್ಲಬೇಕು. ನಾಲ್ಕು ವರ್ಷದಲ್ಲಿ ಒಂದೇ ಒಂದು ನಾಟಕ ನೋಡಿದವನಲ್ಲ. ಬಾಗಿಲು ತೆರೆದಾಗ ಕೇಳಿಬರುವ ಚಪ್ಪಾಳೆಯಷ್ಟೇ ಅವನ ಪಾಲಿನ ಕಾರ್ಯಕ್ರಮ. ಕೊನೆಗೆ ಒಳಗೆ ಹೋಗುವಷ್ಟರಲ್ಲಿ ಬಿಸಿಬೇಳೆಬಾತು ಹೆಸರಿಗೆ ಮಾತ್ರ ಬಿಸಿ. ಒಮ್ಮೆಯಾದರೂ ಒಳಗೆ ಕೂತು ಕಾರ್ಯಕ್ರಮ ನೋಡಬೇಕು ಎಂಬುದು ಅವನ ಆಸೆ. ಪಾಪ, ದೊಡ್ಡ ಆಸೆಯೇನಲ್ಲ.

ಹನ್ನೊಂದಕ್ಕೆ ಅದೇ ಸಾಲಿನ ಮೂರನೇ ಮನೆಯ ಪ್ರತಾಪ್ ಚಪ್ಪಲಿಯಲ್ಲೇ ಇಳಿದು ಬಂದ. ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಕ್ಲೌಡ್ ಆರ್ಕಿಟೆಕ್ಟ್. ಗಲ್ಲ ತುರಿಸಿಕೊಂಡು ಕುದುರೆಯನ್ನು ಎರಡು ಸಲ ಕೇಳಿದ.

"ರೀಸ್ಟಾರ್ಟ್ ಮಾಡಿದ್ಯಾ?"

"ಮೂರ್ ಸಲ ಮಾಡ್ದೆ ಗುರು."

"ನಾಲ್ಕನೇ ಸಲ ಮಾಡು."

ಮಾಡಿದ್ದಾಯಿತು. ಕುದುರೆ ಅಲ್ಲೇ ಮಾಯವಾಯಿತು. ಪ್ರತಾಪ್ ಸುಮ್ಮನಿರದೆ ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕಿದ: "ಯಶು ಮನೇಲಿ ಸರೌಂಡ್ ಸೌಂಡ್ ಪ್ರಾಬ್ಲಮ್, ಎಕ್ಸ್‌ಪರ್ಟ್ಸ್ ಬೇಕು. ವೇದಾ ಮಸಾಲೆ ದೋಸೆ ಮಾಡ್ತಿದ್ದಾರೆ."

ಎರಡನೇ ವಾಕ್ಯ ಬರೆಯದಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಒಂದು ಗಂಟೆಯೊಳಗೆ ಪಕ್ಕದೂರು ಶ್ಯಾಂಟಿಲಿಯಿಂದ ಶೇಷಾದ್ರಿ ಬಂದಿಳಿದರು. ಸರ್ಕಾರಿ ಕಾಂಟ್ರ್ಯಾಕ್ಟಿನಲ್ಲಿ ಕೆಲಸ. ಏನು ಕೆಲಸವೆಂದು ಹೆಂಡತಿಗೂ ಹೇಳುವಂತಿಲ್ಲ. ಅವರ ಬೆನ್ನಿಗೇ ಇನ್ನೂ ಐದು ಕಾರು ಬಂದವು. ಬಂದವರಲ್ಲಿ ನೆಟ್‌ವರ್ಕಿನವರಿದ್ದರು, ಡೇಟಾಬೇಸಿನವರಿದ್ದರು, ದೋಸೆಯವರೂ ಇದ್ದರು. ಸಾಲುಮನೆಯ ಟೌನ್‌ಹೌಸಿನಲ್ಲಿ ಅತಿಥಿಗಳ ಕಾರಿಗೆ ಇದ್ದದ್ದು ಎರಡೇ ಜಾಗ. ಮೇಜಿನಡಿ ತಲೆ ತೂರಿಸಿದ್ದ ಯಶವಂತ ಅಲ್ಲಿಂದಲೇ ಕೂಗಿದ:

"ಎಲ್ ನಿಲ್ಲಿಸಿದ್ರಿ? ಫೈರ್ ಲೇನಲ್ಲಿ ನಿಲ್ಲಿಸ್ಬೇಡಿ, ಫೈರ್ ಎಂಜಿನ್ ಬರೋ ದಾರಿ, ಕಾರ್ ಟೋ ಮಾಡ್ತಾರೆ!"

"ಐದ್ ನಿಮಿಷದ್ ಕೆಲ್ಸ ಯಶವಂತ್, ಬಿಡಿ," ಎಂದರು ಶೇಷಾದ್ರಿ. "ಇದು ಸೌಂಡಿನ ಡ್ರೈವರ್ ಸಾಫ್ಟ್‌ವೇರ್ ಪ್ರಾಬ್ಲಮ್. ಹಳೇದನ್ನ ಕಿತ್ತಾಕಿ ಹೊಸದು ಹಾಕೋಣ."

ಕಿತ್ತುಹಾಕಿದರು. ಮೊದಲು ಎರಡು ಸ್ಪೀಕರ್ ಮೂಕವಾಗಿದ್ದವು, ಈಗ ಎಲ್ಲವೂ ಮೂಕವಾದವು. ಹೊಸದನ್ನು ಹಾಕಿದರು. ಯಾರೋ ಬ್ಲೂಟೂತ್ ಆನ್ ಮಾಡಿದರು. ಯಶವಂತ ಉಸಿರು ಬಿಗಿಹಿಡಿದು ಪ್ಲೇ ಒತ್ತಿದ. ಬೇಸ್‌ಮೆಂಟಿನಲ್ಲಿ ಉಸಿರಾಟ ಬಿಟ್ಟರೆ ಬೇರೆ ಸದ್ದಿಲ್ಲ.

ಮೇಲೆ ಅಡುಗೆಮನೆಯಲ್ಲಿ ವೇದಾ ಕಿಟಾರನೆ ಕಿರುಚಿದಳು.

ಕುದುರೆ ಅಡುಗೆಮನೆಯ ಪುಟ್ಟ ಸ್ಪೀಕರಿಗೆ ಓಡಿಹೋಗಿ, ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಕೆನೆದಿತ್ತು. ಸೌಟಿನ ಹಿಟ್ಟು ಕಾವಲಿಗೆ ಬೀಳುವ ಬದಲು ಗೋಡೆಗೆ ಬಿತ್ತು.

"ನಿಮ್ ಕುದುರೇನ ಕೆಳಗಡೆ ಕಟ್ಟಾಕ್ಕೊಳ್ರೀ! ಇನ್ನೊಂದ್ ಸಲ ಮೇಲ್ ಬಂದ್ರೆ ಯಾರಿಗೂ ದೋಸೆ ಇಲ್ಲ!"

ದೋಸೆಯ ಮಾತು ಬಂದ ಮೇಲೆ ತಜ್ಞರಿಗೆ ಗಾಂಭೀರ್ಯ ಬಂತು. ಕುದುರೆಯನ್ನು ಹೇಗೋ ಬೇಸ್‌ಮೆಂಟಿಗೆ ಇಳಿಸಿದರು. ಹಿಂದಿನ ಸ್ಪೀಕರನ್ನು ಮುಂದಿನ ವೈರಿಗೆ ಹಾಕಿ ನೋಡಿದರು, ಚೆನ್ನಾಗಿ ಮಾತಾಡಿತು. ವೈರು ಬದಲಾಯಿಸಿದರು, ವೈರೂ ಸರಿ. ಸೆಟ್ಟಿಂಗಿನಲ್ಲಿ ಸರೌಂಡ್ ಆನ್ ಆಗಿಯೇ ಇತ್ತು. ಮೂರೂವರೆಯ ಹೊತ್ತಿಗೆ ಎಲ್ಲವೂ ಸರಿಯಿದೆ ಎಂದು ಸಾಬೀತಾಗಿತ್ತು, ಹಿಂದಿನಿಂದ ಸದ್ದು ಮಾತ್ರ ಬರುತ್ತಿರಲಿಲ್ಲ. ಯಶವಂತನ ಕಣ್ಣ ಮುಂದೆ ಕಿತ್ತಳೆ ಜಾಕೆಟ್ ತೂಗಾಡತೊಡಗಿತು.

ನಾಲ್ಕಕ್ಕೆ ಸರಿಯಾಗಿ ಅನಸೂಯ ಬಂದರು. ಎಪ್ಪತ್ತೊಂದನೇ ಇಸವಿಯಲ್ಲಿ ಅಮೆರಿಕಕ್ಕೆ ಬಂದವರು, ನಲವತ್ತು ವರ್ಷ ಕಿವಿ ಮೂಗು ಗಂಟಲಿನ ಡಾಕ್ಟರಾಗಿದ್ದು ನಿವೃತ್ತರಾದವರು. ಹಿಂದೆ ಇನ್ನೆರಡು ಕಾರಿನಲ್ಲಿ ಕಮಿಟಿ.

"ಎಲ್ಲಪ್ಪಾ ಯಶವಂತ, ನಿನ್ ಕುದುರೆ?"

ಕೇಳಿಸಿದ. ಕುದುರೆ ಸೋಫಾದ ತನಕ ಬಂತು, ಹೋಯಿತು. ಯಶವಂತ ಅನಸೂಯರತ್ತ ತಿರುಗಿದ.

"ಆಂಟಿ, ಇದು ಸಾಫ್ಟ್‌ವೇರ್ ಪ್ರಾಬ್ಲಮ್ ಅನ್ಸುತ್ತೆ. ಬೆಳಿಗ್ಗೆಯಿಂದ..."

"ವೈರ್ ಚುಚ್ಚೋ ತೂತು ಎಲ್ಲಿದೆ? ತೋರ್ಸು."

"ಆಂಟಿ, ತೂತಲ್ಲೇನಿರತ್ತೆ..."

"ಕಿವಿ ಕೇಳ್ಸಲ್ಲ ಅಂತ ಬರೋರೆಲ್ಲ ನಂಗೆ ಮೆದುಳಿನ ಕಾಯಿಲೆ ಅಂತ್ಲೇ ಹೇಳ್ತಿದ್ರು. ನೂರಕ್ಕೆ ಎಂಬತ್ತು ಜನಕ್ಕೆ ಇದ್ದಿದ್ದು ಗುಗ್ಗೆ."

ಅನಸೂಯ ಕೈಚೀಲದಿಂದ ಕಿವಿ ನೋಡುವ ದೀಪ ತೆಗೆದರು. ನಿವೃತ್ತರಾದರೂ ಅದನ್ನು ಬಿಟ್ಟಿರಲಿಲ್ಲ. ಕಂಪ್ಯೂಟರಿನ ಬೆನ್ನು ತಿರುಗಿಸಿ, ಕನ್ನಡಕ ಏರಿಸಿ, ಒಂದು ಕಣ್ಣು ಮುಚ್ಚಿ ಇಣುಕಿದರು. ಹತ್ತಿ ಸುತ್ತಿದ ಕಡ್ಡಿಯನ್ನು ತುಸು ನೀರಿನಲ್ಲಿ ಅದ್ದಿ ತೂತಿಗೆ ತೂರಿಸಿ, ಮೆಲ್ಲಗೆ ತಿರುಗಿಸಿ ಹೊರಗೆಳೆದರು. ಹತ್ತಿ ಕೆಂಪಗಾಗಿತ್ತು.

"ರಕ್ತ!" ಎಂದರು ಶೇಷಾದ್ರಿ.

ಅನಸೂಯ ಮೂಸಿದರು. "ಕುಂಕುಮ."

ಎಲ್ಲರೂ ಯಶವಂತನನ್ನು ನೋಡಿದರು. ಯಶವಂತ ನೆಲ ನೋಡಿದ. ಕಳೆದ ವಾರ ಆಯುಧಪೂಜೆಯ ದಿನ ಅವನು ವೈರುಗಳನ್ನೆಲ್ಲ ಕಿತ್ತು, ಕಂಪ್ಯೂಟರನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿದ್ದ. ಎಲ್ಲರಂತೆ ಎದುರಿಗೊಂದು ಬೊಟ್ಟಿಟ್ಟು ಬಿಟ್ಟಿದ್ದರೆ ಸಾಕಿತ್ತು. ಕುದುರೆಯ ಸದ್ದು ಜೋಡಿಸಿಕೊಟ್ಟ ಯಂತ್ರ, ಅದರ ಮೇಲೆ ಗ್ರೀನ್ ಕಾರ್ಡಿನ ಹರಕೆ ಬೇರೆ, ಭಕ್ತಿ ಉಕ್ಕಿ ಹಿಂದಿನ ಒಂದೊಂದು ತೂತಿಗೂ ಕಲಸಿದ ಕುಂಕುಮ ಇಟ್ಟಿದ್ದ. ಒಂದು ತೂತಿನಲ್ಲಿ ಅದು ಒಣಗಿ ಸಿಮೆಂಟಾಗಿತ್ತು. ಇವತ್ತು ಬೆಳಿಗ್ಗೆ ಅಲ್ಲಿಗೆ ಚುಚ್ಚಿದ ಹಿಂದಿನ ಸ್ಪೀಕರುಗಳ ಪ್ಲಗ್ಗು ಅರ್ಧಕ್ಕೇ ನಿಂತಿತ್ತು.

"ಬೆಳಿಗ್ಗೆಯಿಂದ ಏಳ್ ಜನ ಎಂಜಿನಿಯರ್‌ಗಳು!" ಎಂದಳು ಕೆಳಗಿಳಿದು ಬಂದಿದ್ದ ವೇದಾ.

ತೂತು ಚೊಕ್ಕಟವಾಗಿ ಒಣಗಿದ ಮೇಲೆ ಯಶವಂತನೇ ಪ್ಲಗ್ಗು ಒತ್ತಿದ. ಟಕ್ ಎಂದು ಕೂತಿತು. ಪ್ಲೇ ಮಾಡಿದ.

ಕುದುರೆ ಹೊರಟಿತು. ಸೋಫಾದ ತನಕ ಬಂತು. ಸೋಫಾ ದಾಟಿತು! ಬೆನ್ನ ಹಿಂದೆ ಗೊರಸು ಗುಡುಗಿತು, ಶೇಷಾದ್ರಿ ತಲೆ ತಗ್ಗಿಸಿದರು, ಕಮಿಟಿಯವರೆಲ್ಲ ಒಟ್ಟಿಗೆ ಹಿಂತಿರುಗಿ ನೋಡಿದರು. ಕುದುರೆ ಬೇಸ್‌ಮೆಂಟನ್ನು ಪೂರ್ತಿ ಒಂದು ಸುತ್ತು ಹಾಕಿ ಎದುರಿಗೆ ಬಂದು ಕೆನೆದು ನಿಂತಿತು. ಚಪ್ಪಾಳೆ ಬಿತ್ತು. ಈ ಸಲ ಬಾಗಿಲ ಸಂದಿಯಿಂದ ಬಂದ ಚಪ್ಪಾಳೆಯಲ್ಲ, ತನಗಾಗಿಯೇ ಬಿದ್ದ ಚಪ್ಪಾಳೆ. ಯಶವಂತನ ಕಣ್ಣಲ್ಲಿ ನೀರಾಡಿತು.

"ಭೇಷ್!" ಎಂದರು ಅನಸೂಯ. "ಈ ವರ್ಷ ಸೌಂಡ್ ನಿಂದೇ ಕಣಪ್ಪ."

ವೇದಾ ಎಲ್ಲರಿಗೂ ಕೇಸರಿಬಾತು ಹಂಚಿದಳು. ಕುದುರೆಯನ್ನು ಇನ್ನೊಮ್ಮೆ ಓಡಿಸಿದರು. ಆಗ ಹಿಂದಿನಿಂದ ಬೀಪ್ ಬೀಪ್ ಎಂಬ ಸದ್ದು ಬಂತು.

"ಏನ್ ಕ್ಲಾರಿಟಿ ಗುರು!" ಎಂದ ಪ್ರತಾಪ್. "ನಿಜವಾದ ಟ್ರಕ್ಕೇ ರಿವರ್ಸ್ ಬರ್ತಿರೋ ಹಾಗಿದೆ!"

ನಾಟಕದಲ್ಲಿ ಟ್ರಕ್ಕು ಇರಲಿಲ್ಲ. ಯಶವಂತ ತಟ್ಟೆ ಬಿಸುಟು ಮೆಟ್ಟಿಲು ಹಾರಿದ.

ಹೊರಗೆ ಅನಸೂಯರ ಕಾರಿನ ಕಡೆಗೇ, ಕಾರು ಎಳೆದೊಯ್ಯುವ ಟೋ ಟ್ರಕ್ಕು ಹಿಂದಕ್ಕೆ ಬರುತ್ತಿತ್ತು. ಮೂರು ಕಾರು ಫೈರ್ ಲೇನಿನಲ್ಲಿ, ಎರಡು ಯಾರದೋ ಗರಾಜಿಗೆ ಅಡ್ಡ, ಉಳಿದವು ಚೆಲ್ಲಿದ ಚುರುಮುರಿಯ ಹಾಗೆ. ಯಶವಂತ ಯೋಚಿಸಲಿಲ್ಲ. ಕೈ ತಾನಾಗಿ ಗರಾಜಿನ ಮೊಳೆಯಿಂದ ಕಿತ್ತಳೆ ಜಾಕೆಟನ್ನು ಎಳೆದುಕೊಂಡಿತು, ಸೀಟಿ ಬಾಯಿಗೆ ಬಂತು. ಹಿಂದೆಯೇ ಓಡಿಬಂದವರು ತಂತಮ್ಮ ಕಾರು ಹತ್ತಿದರು.

"ಆಂಟಿ, ಎಡಕ್ಕೆ! ಶೇಷಾದ್ರಿಯವರೇ, ರಿವರ್ಸ್, ಬನ್ನಿ, ಬನ್ನಿ, ಸ್ಟಾಪ್! ಬಿಳಿ ಕಾರು, ನೀವ್ ಮೊದ್ಲು!"

ಒಂದು ಕೈ ಕರೆಯಿತು, ಇನ್ನೊಂದು ತಡೆಯಿತು. ಕೂದಲೆಳೆಯಷ್ಟು ಸಂದಿಯಲ್ಲಿ ಕಾರುಗಳು ಒಂದರ ಹಿಂದೊಂದು ಜಾರಿದವು. ನಾಲ್ಕೇ ನಿಮಿಷ. ಒಂಬತ್ತು ಕಾರೂ ಎದುರಿನ ರಸ್ತೆಯ ಬದಿಯಲ್ಲಿ ಸಾಲಾಗಿ, ಅಳೆದಿಟ್ಟ ಹಾಗೆ ನಿಂತವು. ಟ್ರಕ್ಕಿನವನು ಬಾಯಿ ತೆರೆದು ನೋಡಿದ, ಹೆಬ್ಬೆರಳೆತ್ತಿದ, ಬರಿಗೈಯಲ್ಲಿ ಹೊರಟುಹೋದ.

ಈಗ ಬಿದ್ದ ಚಪ್ಪಾಳೆ ಕುದುರೆಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಅಕ್ಕಪಕ್ಕದ ಅಮೆರಿಕನ್ನರೂ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಯಶವಂತ ಎದೆಯುಬ್ಬಿಸಿ ನಿಂತ. ಜೀವನದಲ್ಲಿ ಒಂದೇ ದಿನ ಎರಡು ಗೆಲುವು ಕಂಡವನಲ್ಲ.

ಅನಸೂಯ ಕಾರಿಳಿದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಐವತ್ ವರ್ಷದಿಂದ ಈ ದೇಶದಲ್ಲಿದ್ದೀನಿ ಯಶವಂತ. ಇಂಥಾ ಪಾರ್ಕಿಂಗ್ ನೋಡಿಲ್ಲ. ನಿನ್ನ ಒಳಗೆ ಕೂರ್ಸಿದ್ರೆ ದೇವರು ಮೆಚ್ಚಲ್ಲ."

"ಆಂಟಿ, ಸೌಂಡು..."

"ಅದಕ್ಕೇನು, ಪ್ರತಾಪ್ ಇದ್ದಾನೆ. ಕೆಟ್ರೆ ರೀಸ್ಟಾರ್ಟ್ ಮಾಡ್ತಾನೆ. ಪಾರ್ಕಿಂಗಿಗೆ ನೀನೇ, ಈ ವರ್ಷ ಮಾತ್ರ ಅಲ್ಲ, ಪರ್ಮನೆಂಟು!"

ಕಮಿಟಿ ಅಲ್ಲೇ, ಬೀದಿಯಲ್ಲೇ, ಒಮ್ಮತದಿಂದ ಕೈಯೆತ್ತಿತು. ಬೇಸ್‌ಮೆಂಟಿನಲ್ಲಿ ಯಾರೂ ನಿಲ್ಲಿಸದೆ ಬಿಟ್ಟ ಕುದುರೆ ಸುತ್ತು ಹಾಕುತ್ತಲೇ ಇತ್ತು. ಗಾಳಿ ಬೀಸಿತು. ವೇದಾ ಒಳಗೆ ಹೋಗಿ ಗಂಡನ ಮಂಕಿ ಟೋಪಿ ತಂದು ಕೊಟ್ಟಳು.