ಎರಡಕ್ಷರದ ಬೋರ್ಡು

ಪೆಟ್ಟಿಗೆ ರಿಪೇರಿ ಅಂಗಡಿಗೆ ಹೊಸ ಬೋರ್ಡು ಬೇಕೆಂದು ಜಿಪ್ಪಣ್ಣನಿಗೆ ಅನಿಸಿದ್ದು ವ್ಯಾಪಾರದ ಆಸೆಯಿಂದಲ್ಲ, ಹೆಂಡತಿಯ ಭಯದಿಂದ. ಕೆಟ್ಟ ಜಿಪ್ಪನ್ನು ಅವನಷ್ಟು ಚೆನ್ನಾಗಿ ಸರಿಮಾಡುವವರು ಆ ಬೀದಿಯಲ್ಲಿರಲಿಲ್ಲವಾದ್ದರಿಂದ ಅವನಿಗೆ ಆ ಹೆಸರು ಅಂಟಿತ್ತು. ಹೆಂಡತಿಗೂ ಒಂದು ಹೆಸರಿತ್ತು, ಮಾಲಾ ಅಂತ. ಮದುವೆಯಾದಂದಿನಿಂದ ಜಿಪ್ಪಣ್ಣ ಒಮ್ಮೆಯೂ ಅದನ್ನು ಬಾಯಿಗೆ ತಂದುಕೊಂಡಿರಲಿಲ್ಲ. "ಲೇ" ಅನ್ನುತ್ತಿದ್ದ, "ಕೇಳಿಸ್ತಾ" ಅನ್ನುತ್ತಿದ್ದ, ತೀರಾ ಪ್ರೀತಿ ಉಕ್ಕಿದರೆ ಸುಮ್ಮನೆ ಕೆಮ್ಮುತ್ತಿದ್ದ.

"ನನಗೊಂದು ಹೆಸರಿದೆ ಅಂತ ನಿಮಗೆ ನೆನಪಾದ ದಿನ ಬರ್ತೀನಿ" ಎಂದು ಅವಳು ತಂಗಿಯ ಮನೆಗೆ ಹೋಗಿ ಕೂತಿದ್ದಳು. ಎದುರಿಗೆ ನಿಂತು ಕರೆಯುವ ಧೈರ್ಯವಿಲ್ಲದ ಜಿಪ್ಪಣ್ಣ ಅಂಗಡಿಗೇ ಅವಳ ಹೆಸರಿಡುವುದಾಗಿ ಫೋನಿನಲ್ಲಿ ಹೇಳಿದ. "ಸಂಜೆ ಬಂದು ನೋಡ್ತೀನಿ. ಸರಿ ಅನ್ನಿಸದಿದ್ರೆ ಬಂದ ಬಸ್ಸಲ್ಲೇ ವಾಪಸ್" ಎಂದು ಉತ್ತರ ಬಂದಿತ್ತು.

ಪೇಂಟರು ಏಣಿ ಹತ್ತಿ 'ಮಾಲಾ' ಎಂದು ಬರೆದು ಕುಂಚ ಒರೆಸುತ್ತಿದ್ದಾಗ ಮಹಡಿಯ ಮೇಷ್ಟ್ರು ಇಳಿದು ಬಂದರು. ವಿದೇಶಕ್ಕೆ ಹೋಗುವವರಿಗೆ ಸ್ಪ್ಯಾನಿಷ್ ಕಲಿಸುವವರು.

"ಏನ್ರೀ ಜಿಪ್ಪಣ್ಣ, ಸ್ಪ್ಯಾನಿಷ್‌ನಲ್ಲಿ ಮಾಲಾ ಅಂದ್ರೆ ಕೆಟ್ಟವಳು ಅಂತ, ಗೊತ್ತೇನು?"

"ನಮ್ಮಲ್ಲಿ ಹಾರ ಅಂತ ಅಲ್ವಾ ಸಾರ್?"

"ನಮ್ಮಲ್ಲಿ ಹಾರವೇ. ಆದ್ರೆ ನನ್ನ ಹುಡುಗರು ಕ್ಲಾಸು ಮುಗಿಸಿ ಇಳಿಯೋದೂ ಸಂಜೆ, ನಿಮ್ಮವರು ಬರೋದೂ ಸಂಜೆ. ಬೋರ್ಡು ನೋಡಿ ಒಬ್ಬ ಕಿಸಕ್ಕಂದ್ರೂ ಸಾಕು."

ಜಿಪ್ಪಣ್ಣ ಓಡಿಹೋಗಿ ಏಣಿ ಹಿಡಿದ. "ಮೊದಲಿಗೆ 'ಒಳ್ಳೆಯ' ಅಂತ ಸೇರಿಸಪ್ಪಾ" ಎಂದು ಪೇಂಟರಿಗೆ ಹೇಳಿದ. ಬೋರ್ಡು 'ಒಳ್ಳೆಯ ಮಾಲಾ' ಆಯಿತು.

ಅಷ್ಟರಲ್ಲಿ ಹಡಗಿನಜ್ಜ ಬಂದ. ಪ್ರಾಯದಲ್ಲಿ ಹಡಗಿನ ಅಡುಗೆಮನೆಯಲ್ಲಿ ದುಡಿದವನು. ಈಗ ಬೀದಿಯ ಎಲ್ಲರ ಪಾತ್ರೆಗೂ ಸೌಟು ಹಾಕುವುದೇ ಅವನ ಕೆಲಸ.

"ಲೋ ಜಿಪ್ಪ, ಪೋರ್ಚುಗೀಸರು ಮಾಲಾ ಅನ್ನೋದು ಪೆಟ್ಟಿಗೆಗೆ ಕಣೋ! ನಾಳೆ ನಿನ್ನ ಹೆಂಡ್ತಿಗೆ ಯಾರಾದ್ರೂ ಹೇಳಿದ್ರೆ? ನನ್ನ ಹೆಸರು ಅಂತ ನಂಬಿಸಿ ಮಾಲಿನ ಹೆಸರು ಬರೆಸಿದಾರೆ ಅನ್ಕೊಳಲ್ವಾ?"

ಇದು ನೇರವಾಗಿ ಎದೆಗೇ ನಾಟಿತು. ಪೆಟ್ಟಿಗೆಯಲ್ಲ, ಹೆಣ್ಣು ಎಂದು ಸ್ಪಷ್ಟವಾಗಲೆಂದು 'ಶ್ರೀಮತಿ' ಸೇರಿತು. ಅಜ್ಜನ ಬತ್ತಳಿಕೆಯಲ್ಲಿ ಇನ್ನೂ ಬಾಣವಿತ್ತು. "ಕ್ರೊಯೇಷಿಯಾದ ಬಂದರಲ್ಲಿ ಮಾಲಾ ಅಂದ್ರೆ ಚಿಕ್ಕದು."

"ಹಾಗಾದ್ರೆ 'ದೊಡ್ಡ' ಅಂತಲೂ ಬರಿ!"

ಪೇಂಟರು ಬರೆದು, ಏಣಿಯಿಂದ ಕತ್ತು ಹಿಂದಕ್ಕೆ ಚಾಚಿ ಓದಿದರು. "ಒಳ್ಳೆಯ ದೊಡ್ಡ ಶ್ರೀಮತಿ ಮಾಲಾ. ಅಣ್ಣಾ, ತಪ್ಪು ತಿಳೀಬೇಡಿ, ಚಿಕ್ಕ ಶ್ರೀಮತಿ ಎಲ್ಲಿದಾರೆ?"

ಪಕ್ಕದ ಕಾಫಿಪುಡಿ ಅಂಗಡಿಯ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ತನ್ನ ಪಾಲಿನದನ್ನೂ ಒಪ್ಪಿಸಿದಳು. "ನಮ್ಮ ಮೆಷೀನು ಸ್ವೀಡನ್‌ದು ಜಿಪ್ಪಣ್ಣ. ಬೀಜ ಅರೆಯೋ ಗುಂಡಿ ಮೇಲೆ ಮಾಲಾ ಅಂತಲೇ ಬರ್ದಿರೋದು. ಬೆಳಗಿಂದ ಸಂಜೆ ತನಕ ಅದನ್ನೇ ಒತ್ತೋದು ನಾನು."

"ಅರೆಯೋದಾ?" ಜಿಪ್ಪಣ್ಣ ಮೇಷ್ಟ್ರ ಕಡೆ ತಿರುಗಿದ. "ಸಾರ್, ಈ ಹೆಸರು ಇಷ್ಟು ಕಡೆ ಹೋಗಿ ಯಾಕೆ ಹೀಗೆ ಕೆಟ್ಟಿತು?"

"ಎಲ್ಲೂ ಹೋಗಿಲ್ಲ, ಕೆಟ್ಟೂ ಇಲ್ಲ" ಎಂದರು ಮೇಷ್ಟ್ರು. "ಒಂದೊಂದಕ್ಕೆ ಒಂದೊಂದು ಬೇರು. ಒಂದೇ ಬಸ್ ಸ್ಟಾಪಲ್ಲಿ ನಿಂತವರೆಲ್ಲ ನೆಂಟರೇನ್ರೀ? ಅವರವರ ಬಸ್ಸು ಬಂದಾಗ ಅವರವರ ಊರಿಗೆ ಹೋಗ್ತಾರೆ."

ಜಿಪ್ಪಣ್ಣ ಬೋರ್ಡಿನ ಕಡೆ ನೋಡಿದ. ಬೀದಿಯವರೆಲ್ಲರಿಗೂ ಆ ಎರಡಕ್ಷರಕ್ಕೆ ಒಂದೊಂದು ಅರ್ಥ ಗೊತ್ತಿತ್ತು. ಅವನಿಗೆ? ಹಾರ ಎಂದು ಅವನಿಗೆ ಎಂದೂ ಅನಿಸಿದ್ದಿಲ್ಲ. ಅವಳು ಹೋದ ಮೇಲೆ ರಾತ್ರಿ ಒಂದೇ ತಟ್ಟೆ ತೊಳೆದು ಬೋರಲು ಹಾಕಿದಾಗ ಅದು ಸದ್ದು ಮಾಡುತ್ತಿತ್ತು. ಎರಡು ತಟ್ಟೆಗಳಿದ್ದಾಗ ಆ ಸದ್ದು ಅವನಿಗೆ ಕೇಳಿಸಿರಲೇ ಇಲ್ಲ. ಅವನ ಮಟ್ಟಿಗೆ ಮಾಲಾ ಎಂದರೆ ಇದೇ ಇರಬೇಕು. ಯಾವ ನಿಘಂಟಿನವರೂ ಇದನ್ನು ಬರೆದುಕೊಂಡಿರಲಾರರು.

"ಎಲ್ಲ ಒರೆಸಿಬಿಡಪ್ಪಾ" ಎಂದ. "ಅವಳ ಹೆಸರೊಂದೇ ಇರಲಿ."

ಸಂಜೆ ಬಸ್ಸಿಳಿದು ಅವಳು ಬಂದಳು. ಕಿಸಕ್ಕನ್ನದಂತೆ ಹುಡುಗರನ್ನು ತಡೆದುಕೊಂಡು ಮೇಷ್ಟ್ರು ಮೆಟ್ಟಿಲ ಮೇಲೆ ನಿಂತಿದ್ದರು. ಕಾಫಿ ಅಕ್ಕ ಮೆಷೀನು ನಿಲ್ಲಿಸಿದ್ದಳು. ಅಜ್ಜ ಕೂಡ ಬಾಯಿ ಮುಚ್ಚಿದ್ದ.

ಅವಳು ಬೋರ್ಡನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು. "ಚೆನ್ನಾಗಿದೆ. ಆದ್ರೆ ಇದು ಪೇಂಟರು ಬರೆದದ್ದು. ನೀವೇ ಒಂದ್ಸಲ ಹೇಳಿ, ಕೇಳೋಣ."

ಬೆಳಗಿನಿಂದ ಆ ಹೆಸರಿನ ಬಗ್ಗೆಯೇ ಬೀದಿಗೆಲ್ಲ ಕೇಳುವಂತೆ ಮಾತಾಡಿದ್ದ ನಾಲಿಗೆ ಈಗ ಬಟ್ಟೆ ಸಿಕ್ಕಿಕೊಂಡ ಜಿಪ್ಪಿನಂತೆ ನಿಂತುಬಿಟ್ಟಿತು. ಜಿಪ್ಪಣ್ಣ ಕೆಮ್ಮಿದ. ಅವಳು ಬ್ಯಾಗು ಹೆಗಲಿಗೇರಿಸಿ, ಇನ್ನೂ ನಿಂತಿದ್ದ ಬಸ್ಸಿನ ಕಡೆ ತಿರುಗಿದಳು.

"ಮಾಲಾ!"

ಕೂಗು ಎಷ್ಟು ಜೋರಾಗಿತ್ತೆಂದರೆ ಬಸ್ಸಿನ ಡ್ರೈವರೂ ಇಣುಕಿದ. ಅವಳು ನಿಂತಳು. ಕಣ್ಣೊರೆಸಿಕೊಂಡಳೋ, ಕೂದಲು ಸರಿಮಾಡಿಕೊಂಡಳೋ ಯಾರಿಗೂ ಸರಿಯಾಗಿ ಕಾಣಲಿಲ್ಲ. ಹಿಂದಿರುಗಿ ಬಂದು, ಒಳಗೆ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದಿನ ಅವನ ಕುರ್ಚಿಯಲ್ಲಿ ಕೂತಳು.

ಗಂಟಲು ಈಗ ತಾನೇ ಬಿಟ್ಟಿದ್ದ ಜಿಪ್ಪಣ್ಣ ಉತ್ಸಾಹದಿಂದ ಮತ್ತೆ ಕರೆದ. "ಮಾಲಾ, ಕಾಫಿ ತರಿಸ್ಲಾ?"

"ಶ್! ಬೋರ್ಡಲ್ಲಿ ನನ್ನ ಹೆಸರಿದ್ಮೇಲೆ ಅಂಗಡಿ ನಂದು ತಾನೇ? ಗಿರಾಕಿಗಳ ಎದುರು ಓನರ್ ಹೆಸರು ಹಿಡಿದು ಕೂಗ್ತಾರೇನ್ರೀ? ಮೇಡಂ ಅನ್ನಿ."

ಹೊರಗೆ ಕಾಫಿ ಅಕ್ಕನ ಮೆಷೀನು ಗುರ್ರೆಂದು ಶುರುವಾಯಿತು. ಜಿಪ್ಪಣ್ಣ ಮುರಿದ ಹಿಡಿಯ ಪೆಟ್ಟಿಗೆಯೊಂದನ್ನು ಎಳೆದುಕೊಂಡು ನೆಲದ ಮೇಲೆ ಕೂತ. ಹಿಡಿ ಕಳಚುತ್ತ, ಬೇರೆ ಯಾರಿಗೂ ಕೇಳದಂತೆ ಪಿಸುಗುಟ್ಟಿದ. "ಮತ್ತೆ ಮನೇಲಿ?"

"ಮನೇಲಿರೋದು ನಾವಿಬ್ರೇ. ಅಲ್ಲಿ ಹೆಸರು ಯಾಕ್ರೀ ಬೇಕು?" ಎಂದಳು ಅವಳು, ಮೇಜಿನ ಧೂಳು ಒರೆಸುತ್ತ. "'ಲೇ' ಅಂದ್ರೆ ನಾನೇ ಅಂತ ನನಗೆ ಗೊತ್ತಾಗಲ್ವಾ?"