ಮಂಜಿನಲ್ಲಿ ಎಂಟು ಜೊತೆ ಕಾಲು

ಆ ನೋಟೀಸಿಗೆ ಪಂಚಾಕ್ಷರಿ ಸಹಿ ಹಾಕಬಾರದಿತ್ತು. ಆದರೆ ಕಾಲೇಜಿನ ಗುಮಾಸ್ತನಾದವನು ಪ್ರಿನ್ಸಿಪಾಲರು ಬೆರಳು ತೋರಿಸಿದ ಕಡೆ ಸಹಿ ಹಾಕದೆ ಇನ್ನೇನು ಮಾಡಿಯಾನು? ಪ್ರಿನ್ಸಿಪಾಲ್ ಚನ್ನಮಲ್ಲಪ್ಪನವರು ಅಂದು ಮದುವೆಗೆ ಹೊರಟು ನಿಂತಿದ್ದರು. “ನನಗೆ ಹೊತ್ತಾಯ್ತು ಕಣ್ರೀ, ‘ಪ್ರಿನ್ಸಿಪಾಲರ ಪರವಾಗಿ’ ಅಂತ ನೀವೇ ಗೀಚಿಬಿಡಿ” ಎಂದು ಕಾರು ಹತ್ತಿದರು. ಪಂಚಾಕ್ಷರಿ ಗೀಚಿದ. ‘ಪರವಾಗಿ’ ಎಂಬುದು ಇರುವೆಯಷ್ಟಾಯಿತು, ಅವನ ಹೆಸರು ಆನೆಯಷ್ಟಾಯಿತು.

ನೋಟೀಸಿನಲ್ಲಿದ್ದದ್ದು ಇಷ್ಟು: ಮೈದಾನದಲ್ಲಿ ಹೊಸ ಕೆಮಿಸ್ಟ್ರಿ ಲ್ಯಾಬು ಕಟ್ಟುವುದರಿಂದ ಕಾಲೇಜಿನ ಓಟದ ತಂಡವನ್ನು ಇಂದಿನಿಂದ ಮುಚ್ಚಲಾಗಿದೆ. ತಂಡದ ಎಂಟು ಹುಡುಗರು ತಮ್ಮ ಬೂಟುಗಳನ್ನು ಆಫೀಸಿಗೆ ಒಪ್ಪಿಸತಕ್ಕದ್ದು. ಇನ್ನು ಮುಂದೆ ಓಡುವುದು ಕಂಡುಬಂದರೆ ಹಾಸ್ಟೆಲಿನಿಂದ ಹೊರಹಾಕಲಾಗುವುದು.

ಎಂಟು ಹುಡುಗರು ಓಡದಿದ್ದರೆ ಯಾರ ಮನೆಗೆ ನಷ್ಟ ಎಂದೇ ಪಂಚಾಕ್ಷರಿಯೂ ತಿಳಿದಿದ್ದ. ನಷ್ಟವೆಲ್ಲ ತನ್ನ ಬೀದಿಗೇ ಎಂದು ಮಾರನೆಯ ಬೆಳಿಗ್ಗೆ ಗೊತ್ತಾಯಿತು. ಮೂರು ವರ್ಷದಿಂದ ಆ ಹುಡುಗರು ದಿನಾ ನಸುಕಿನಲ್ಲಿ ರಾಜಾಜಿನಗರ ಬಿಟ್ಟು, ಮಾಗಡಿ ರಸ್ತೆ ಹಿಡಿದು, ಸುಂಕದಕಟ್ಟೆ ಮುಟ್ಟಿ ವಾಪಸು ಬರುತ್ತಿದ್ದರು. ಅವರ ಹೆಜ್ಜೆ ಸದ್ದೇ ಬೀದಿಗೆ ಗಡಿಯಾರ. ಎದುರು ಮನೆಯ ಕಲ್ಯಾಣಮ್ಮ ಅದನ್ನು ಕೇಳಿ ಸ್ಟೌ ಹಚ್ಚುವರು. ಅವರ ಗಂಡ ಸಿದ್ದಬಸಪ್ಪ ಅದನ್ನು ಕೇಳಿ ಎದ್ದು ಕಾರ್ಖಾನೆಯ ಬಸ್ಸಿಗೆ ಹೊರಡುವರು. ಹಾಲಿನ ಮುನಿಲಕ್ಷ್ಮಮ್ಮನಿಗಂತೂ ಅವರೇ ಕಾವಲು. ಕಾಮಾಕ್ಷಿಪಾಳ್ಯದ ಆಚೆಯಿಂದ ನೀಲಗಿರಿ ತೋಪು ದಾಟಿ ಬರಬೇಕಾದ ಆಕೆ, ಹುಡುಗರು ತೋಪಿನೊಳಗಿರುವ ಹೊತ್ತು ನೋಡಿಯೇ ಕಾಲಿಡುತ್ತಿದ್ದಳು.

ಗುರುವಾರ ಸಿದ್ದಬಸಪ್ಪನವರಿಗೆ ಬಸ್ಸು ತಪ್ಪಿತು. ಶುಕ್ರವಾರ ಮತ್ತೆ ತಪ್ಪಿತು. ಶನಿವಾರ ಅವರು ಒಂದು ಕಾಲಿಗೆ ಷೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಸ್ಸಿನ ಹಿಂದೆ ಓಡಿದ್ದನ್ನು ಇಡೀ ಬೀದಿ ಕಂಡಿತು. ಮುನಿಲಕ್ಷ್ಮಮ್ಮ ಎಂಟು ಗಂಟೆಗೆ ಮುಂಚೆ ಬರುವುದನ್ನೇ ಬಿಟ್ಟಳು. ಕಾಫಿ ತಡವಾಗಿ, ಜನರ ಮುಖಗಳು ಸುಟ್ಟ ಬದನೆಕಾಯಿಯಾದವು. ಆ ಮುಖಗಳೆಲ್ಲ ತಿರುಗಿದ್ದು ಪಂಚಾಕ್ಷರಿಯ ಬಾಗಿಲಿಗೆ.

ಸೋಮವಾರ ಬೆಳಿಗ್ಗೆ ಅವನ ಹೆಂಡತಿ ಜಗದಾಂಬಾ ಕೈಗೆ ಹಾಲಿನ ತಂಬಿಗೆ ಕೊಟ್ಟಳು. “ರೀ, ಸಹಿ ಹಾಕ್ದೋರು ನೀವು. ತೋಪಿನ ತನಕ ಹೋಗಿ ಹಾಲು ತರೋರೂ ನೀವೇ.”

ಡಿಸೆಂಬರ್ ತಿಂಗಳ ಮಂಜು. ಮಾಗಡಿ ರಸ್ತೆಯ ಮೇಲೆ ಯಾರೋ ಹತ್ತಿ ಹಿಂಜಿ ಸುರಿದಂತಿತ್ತು. ಚಾಚಿದ ಕೈ ತನ್ನದೇ ಹೌದೋ ಅಲ್ಲವೋ ಎನಿಸುವಷ್ಟು ದಟ್ಟ. ತೋಪಿನ ಅಂಚಿಗೆ ಬಂದು ಪಂಚಾಕ್ಷರಿ ನಿಂತ. ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುವುದು ಬಿಟ್ಟರೆ ಯಾವ ಸದ್ದೂ ಇರಲಿಲ್ಲ.

ಆಮೇಲೆ ಸದ್ದು ಬಂತು.

ದೂರದಲ್ಲಿ ಯಾರೋ ರೊಟ್ಟಿ ತಟ್ಟಿದ ಹಾಗೆ. ತಟ್, ತಟ್, ತಟ್. ಒಬ್ಬಳಲ್ಲ, ಎಂಟು ಜನ ಹೆಂಗಸರು ಒಂದೇ ತಾಳಕ್ಕೆ ತಟ್ಟಿದ ಹಾಗೆ. ಸದ್ದು ಹತ್ತಿರವಾಯಿತು. ಮಾತಿಲ್ಲ, ಕೆಮ್ಮಿಲ್ಲ, ಉಸಿರು ಮಾತ್ರ. ಮಂಜಿನೊಳಗೆ ಏನೋ ಬೆಳ್ಳಗೆ ಅಲುಗಾಡಿತು ಎನ್ನುವಷ್ಟರಲ್ಲಿ ತಣ್ಣನೆಯ ಗಾಳಿಯೊಂದು ಅವನ ಕಿವಿ ಸವರಿ ಹೋಯಿತು. ಸದ್ದು ಸುಂಕದಕಟ್ಟೆಯ ಕಡೆಗೆ ಕರಗಿತು.

ತಂಬಿಗೆ ಎಲ್ಲಿ ಬಿತ್ತೋ ಶಿವನೇ ಬಲ್ಲ. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಓಡದಿದ್ದ ಪಂಚಾಕ್ಷರಿ, ಪಂಚೆಯನ್ನು ಮೊಣಕಾಲ ಮೇಲೆ ಎತ್ತಿಕೊಂಡು ಮನೆಯ ತನಕ ಒಂದೇ ಉಸಿರಿಗೆ ಓಡಿದ.

ಬೀದಿ ಅದಾಗಲೇ ಎದ್ದು ನಿಂತಿತ್ತು. ಅವರಿಗೂ ಸದ್ದು ಕೇಳಿಸಿತ್ತು. ಅದನ್ನು ನಂಬಿಯೇ ಸಿದ್ದಬಸಪ್ಪ ಸ್ನಾನವನ್ನೂ ಮಾಡಿಬಿಟ್ಟಿದ್ದರು.

“ಯಾರ್ರೀ ಓಡ್ತಿರೋದು? ತಂಡ ಮುಚ್ಚಿಹೋಗಿದೆಯಲ್ಲ?” ಎಂದರು ಅವರು.

“ಯಾರೂ... ಯಾರೂ ಕಾಣ್ಲಿಲ್ಲ” ಎಂದ ಪಂಚಾಕ್ಷರಿ, ಏದುಸಿರು ಬಿಡುತ್ತ.

ಕಲ್ಯಾಣಮ್ಮ ಸೆರಗು ಬಿಗಿದುಕೊಂಡರು. “ನೋಡಿ ಪಂಚಾಕ್ಷರಿಯೋರೇ, ಓಡೋರನ್ನ ನಿಲ್ಲಿಸಿದ್ರಿ. ಓಟ ನಿಲ್ಲಲಿಲ್ಲ. ಅದು ಇನ್ಯಾರ ಮೈಮೇಲೆ ಬಂತೋ! ನೀವೇ ಮಾಡಿದ್ದು, ನೀವೇ ಬಿಡಿಸಿ.”

ಅವನು ಕಾಲೇಜು ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. ಪ್ರಿನ್ಸಿಪಾಲರು ಒಳಗೆ ಕರೆದರು.

“ದೆವ್ವ ಅಂತೆ! ಸೈನ್ಸ್ ಕಾಲೇಜಿನ ಗುಮಾಸ್ತ ಮಾತಾಡೋ ಮಾತೇನ್ರೀ ಇದು? ಆ ಹುಡುಗರೇ ಕದ್ದು ಓಡ್ತಿದಾರೆ. ಸಾಯಂಕಾಲದ ಒಳಗೆ ನನಗೆ ಹೆಸರು ಬೇಕು. ಎಂಟೂ ಜನಕ್ಕೂ ಟಿ.ಸಿ. ಕೊಟ್ಟು ಮನೆಗೆ ಕಳಿಸ್ತೀನಿ. ಹೆಸರು ತರಲಿಲ್ಲವೋ, ಓಡಿಸ್ತಿರೋನು ನೀವೇ ಅಂತ ತಿಳ್ಕೋತೀನಿ.”

ಪಂಚಾಕ್ಷರಿ ಬಸ್ಸು ಹಿಡಿದು ಸುಂಕದಕಟ್ಟೆಗೆ ಹೋದ. ತಂಡಕ್ಕೆ ಓಟ ಕಲಿಸುತ್ತಿದ್ದ ನಂಜುಂಡಪ್ಪನ ಮನೆ ಅಲ್ಲೇ, ರಸ್ತೆಯ ಪಕ್ಕದಲ್ಲೇ ಇತ್ತು. ಹಿಂದೆ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದ ಆಳು. ನೋಟೀಸು ಬಂದ ದಿನ ಒಂದು ಮಾತೂ ಆಡದೆ, ಮೈದಾನಕ್ಕೆ ಒಂದು ಸಲ್ಯೂಟು ಹೊಡೆದು ಮನೆಗೆ ಹೋಗಿದ್ದ. ಈಗ ಜಗಲಿಯ ಮೇಲೆ, ರಸ್ತೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಿದ್ದ. ಕೈಯಲ್ಲಿ ಓಟದ ಹೊತ್ತು ಅಳೆಯುವ ಗಡಿಯಾರ.

“ಯಾಕೆ ನಂಜುಂಡಪ್ಪನವರೇ, ಗೋಡೆ ನೋಡ್ತಾ ಕೂತಿದೀರಿ?”

“ರಸ್ತೆ ನೋಡಬಾರದು ಅಂತ” ಎಂದ ಅವನು. “ದಿನಾ ಬೆಳಿಗ್ಗೆ ಹಿಂಗೇ ಕೂರ್ತೀನಿ. ನೋಡಿದ್ರೆ, ಯಾರು ಬಂದ್ರು ಅಂತ ಕೇಳಿದಾಗ ಹೇಳಬೇಕಾಗುತ್ತೆ. ಕೇಳಿಸ್ಕೊಂಡ್ರೆ ಏನೂ ಹೇಳಬೇಕಾಗಿಲ್ಲ. ನಾಲ್ಕು ದಿನ ಏನೂ ಬರಲಿಲ್ಲ. ಇವತ್ತು ಬಂತು, ಹಳೇ ಹೊತ್ತಿಗಿಂತ ಅರ್ಧ ನಿಮಿಷ ಬೇಗ.”

“ಏನು ಬಂತು?”

“ಸದ್ದು.”

ಪಂಚಾಕ್ಷರಿಗೆ ಅರ್ಧ ಜೀವ ಬಂದಂತಾಯಿತು. ದೆವ್ವಗಳಿಗೆ ಅರ್ಧ ನಿಮಿಷದ ಲೆಕ್ಕ ಇರಲಾರದು. ನೇರವಾಗಿ ಹಾಸ್ಟೆಲಿಗೆ ಬಂದು ತಂಡದ ನಾಯಕ ಕರಿಬಸಪ್ಪನ ಕೋಣೆಗೆ ನುಗ್ಗಿದ. ಚಿತ್ರದುರ್ಗದ ಕಡೆಯ ಹುಡುಗ, ಮೂರು ಮಾತಿಗೆ ಒಂದು ಮಾತಾಡುವವನು. ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿ ಕೂತಿದ್ದ. ಪಂಚಾಕ್ಷರಿ ಬಗ್ಗಿ ನೋಡಿದ. ಅಂಗಾಲೆಲ್ಲ ಬಿರಿದು ಬೇಸಿಗೆಯ ಕೆರೆಯಂತಾಗಿತ್ತು.

“ನೀವೇನಾ?”

“ನಾವೇ ಸಾರ್” ಎಂದ ಕರಿಬಸಪ್ಪ, ತಲೆ ಎತ್ತದೆ. “ಬೂಟು ನೀವು ಇಸ್ಕೊಂಡ್ರಿ. ಇವತ್ತು ಬರಿಗಾಲಲ್ಲೇ ಹೋದ್ವಿ. ಬಿಳಿ ಬನೀನು ಹಾಕ್ಕೊಂಡ್ರೆ ಮಂಜಲ್ಲಿ ಕಾಣಲ್ಲ. ಮಾತಾಡಲ್ಲ ಅಂತ ಆಣೆ.”

“ಯಾಕಪ್ಪಾ ಈ ಹಟ? ಸಿಕ್ಕಿಬಿದ್ರೆ ಟಿ.ಸಿ. ಕೊಡ್ತಾರೆ ಕಣೋ!”

“ಕಾಲು ಕೇಳಲ್ಲ ಸಾರ್. ಐದು ಗಂಟೆಗೆ ತಾವೇ ಎದ್ದು ಕೂರ್ತವೆ. ನಾಲ್ಕು ದಿನ ಮಂಚಕ್ಕೆ ಕಟ್ಟಿ ಮಲಗಿದ್ವಿ. ಮಂಚಾನೇ ನಡೀತಿತ್ತು.” ಒಂದು ಕಾಲನ್ನು ಬಕೆಟ್ಟಿನಿಂದ ತೆಗೆದು ಒರೆಸಿಕೊಳ್ಳುತ್ತ, “ನಮ್ಮಪ್ಪಂಗೆ ಇನ್ನೂ ಹೇಳಿಲ್ಲ ಸಾರ್, ತಂಡ ಇಲ್ಲ ಅಂತ. ಓಡ್ತಾನೆ ಅಂತಾನೇ ಕಾಲೇಜಿಗೆ ಕಳಿಸಿದ್ದು” ಎಂದ.

ಪಂಚಾಕ್ಷರಿ ಅಂಜುಬುರುಕ. ಹಲ್ಲಿ ಲೊಚಗುಟ್ಟಿದರೆ ಆಫೀಸಿಗೆ ರಜೆ ಹಾಕುವವನು. ಆದರೆ ಆ ಅಂಗಾಲು ಅವನ ಕಣ್ಣಿಂದ ಹೋಗಲಿಲ್ಲ. ಬೂಟುಗಳನ್ನು ಎಣಿಸಿ ಬೀರುವಿಗೆ ತುಂಬಿ ಬೀಗ ಹಾಕಿದ್ದೂ ತಾನೇ. ಮೆಟ್ಟಿಲು ಇಳಿಯುತ್ತ ಒಂದು ತೀರ್ಮಾನಕ್ಕೆ ಬಂದ. ಹಾಗೆ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಹಿಂದಿರುಗಿ ಹೋಗಿ ಹೇಳಿದ: “ನಾಳೆ ಒಂದು ದಿನ ಯಾರೂ ಕದಲಬೇಡಿ. ಉಳಿದದ್ದು ನನಗೆ ಬಿಡಿ.”

ಸಂಜೆ ಪ್ರಿನ್ಸಿಪಾಲರ ಮುಂದೆ ನಿಂತು, “ಸಾರ್, ವಿಚಾರಿಸಿದೆ. ಹುಡುಗರಲ್ಲ. ಅದೇ... ಅದೇನೇ” ಎಂದ.

ಚನ್ನಮಲ್ಲಪ್ಪನವರು ಕನ್ನಡಕ ತೆಗೆದರು. “ಅದೇ ಅಂದ್ರೆ?”

“ನೆಲಕ್ಕೆ ಕಾಲು ಸೋಕಲ್ಲ ಸಾರ್. ಕಿವಿ ಹತ್ರ ಬಂದು ಉಸಿರು ಬಿಡುತ್ತೆ.” ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಅವನ ಗಂಟಲು ನಡುಗಿತು. ಆ ನಡುಕವೇ ಮಾತಿಗೆ ಸಾಕ್ಷಿಯಾಯಿತು.

ಪ್ರಿನ್ಸಿಪಾಲರ ಮೇಜಿನ ಮೇಲಿನ ಗಾಜಿನ ಗುಂಡು ಕೆಳಗುರುಳಿತು. ಅದನ್ನು ಎತ್ತಿಟ್ಟು, “ನಾಳೆ ನಾನೇ ಬಂದು ನೋಡ್ತೀನಿ. ನೀವು ನೋಟ್‌ಬುಕ್ ತಗೊಂಡು ಬನ್ನಿ. ನಡೆದದ್ದನ್ನೆಲ್ಲ ಹೊತ್ತು ಸಮೇತ ಬರೀಬೇಕು” ಎಂದರು.

ಪಂಚಾಕ್ಷರಿ ಒಳಗೊಳಗೇ ಹಿಗ್ಗಿದ. ಹುಡುಗರು ಬರುವುದಿಲ್ಲ, ಸದ್ದಿರುವುದಿಲ್ಲ, ಪ್ರಿನ್ಸಿಪಾಲರು ನಕ್ಕು ಮನೆಗೆ ಹೋಗುತ್ತಾರೆ, ಕತೆ ಮುಗಿಯುತ್ತದೆ. ತಾನು ಮೂರ್ಖನೆನಿಸಿಕೊಳ್ಳಬಹುದು. ಅದೇನೂ ಅವನಿಗೆ ಹೊಸದಲ್ಲ.

ಮಂಗಳವಾರ ನಸುಕಿನಲ್ಲಿ ತೋಪಿನ ಅಂಚಿಗೆ ಅರ್ಧ ಬೀದಿ ಬಂದಿತ್ತು. ಕಲ್ಯಾಣಮ್ಮನ ಮುಷ್ಟಿಯಲ್ಲಿ ವಿಭೂತಿ. ಸಿದ್ದಬಸಪ್ಪ ಕಾರ್ಖಾನೆಯ ಊಟದ ಡಬ್ಬಿ ಹಿಡಿದೇ ಬಂದಿದ್ದರು. ಪ್ರಿನ್ಸಿಪಾಲರು ಉಣ್ಣೆಯ ಮಫ್ಲರಿನೊಳಗಿಂದ ಮೂಗು ಮಾತ್ರ ಹೊರಗೆ ಚಾಚಿದ್ದರು. ರಸ್ತೆಯ ಆ ಬದಿಗೆ, ಹತ್ತು ಮಾರು ದೂರದಲ್ಲಿ, ಪಾಪಮ್ಮನ ಮುಚ್ಚಿದ ಸೊಪ್ಪಿನ ಅಂಗಡಿಯ ಮುಂದೆ ಕಂದು ನಾಯಿಯೊಂದು ಮಲಗಿತ್ತು. ಮಂಜು ಅಂದು ತೆಳ್ಳಗಿತ್ತು. ನಾಯಿಯ ಬಾಲದ ತುದಿಯೂ ಕಾಣುತ್ತಿತ್ತು.

ಪಂಚಾಕ್ಷರಿ ಬರೆದ: ‘5-35, ಮಂಜು. 5-40, ಮಂಜು. 5-42, ಪ್ರಿನ್ಸಿಪಾಲರು ಸೀನಿದರು.’

5-45ಕ್ಕೆ ಅವನ ಪೆನ್ಸಿಲ್ ನಿಂತಿತು.

ತಟ್. ತಟ್. ತಟ್.

‘ಹಾಳಾದ ಹುಡುಗರು, ಬೇಡ ಅಂದರೂ ಬಂದರಲ್ಲ!’ ಎಂದುಕೊಂಡ ಅವನು. ಸಿಕ್ಕಿಬಿದ್ದರು. ಎಲ್ಲ ಮುಗಿಯಿತು. ಸದ್ದು ರಾಜಾಜಿನಗರದ ಕಡೆಯಿಂದ ಬಂತು, ಜೋರಾಯಿತು, ಇನ್ನೇನು ಬಿಳಿ ಬನೀನು ಕಾಣಬೇಕು.

ಕಾಣಲಿಲ್ಲ.

ಸದ್ದು ಅವರ ಮುಂದೆಯೇ ಬಂತು. ಅವರಿಗೂ ಆ ನಾಯಿಗೂ ನಡುವೆ, ಬರಿಯ ರಸ್ತೆಯ ಮೇಲೆ, ಒಂದೇ ತಾಳದಲ್ಲಿ. ರಸ್ತೆಯ ಮೇಲಿನ ಒಣ ಎಲೆಗಳು ಒಂದಾದ ಮೇಲೊಂದು ಪುಡಿಯಾದವು. ನಾಯಿ ತಲೆ ಎತ್ತಿತು. ಬೊಗಳಲಿಲ್ಲ. ಪರಿಚಯದವರನ್ನು ಕಂಡಂತೆ ಬಾಲ ಆಡಿಸಿತು. ಎಡಗಡೆಯಿಂದ ಬಲಗಡೆಗೆ ಮೆಲ್ಲಗೆ ಕತ್ತು ತಿರುಗಿಸುತ್ತ, ಸದ್ದು ಸುಂಕದಕಟ್ಟೆಯ ಕಡೆಗೆ ಕರಗುವ ತನಕ ನೋಡುತ್ತಲೇ ಇತ್ತು.

ಕಲ್ಯಾಣಮ್ಮನ ವಿಭೂತಿಯೆಲ್ಲ ಸಿದ್ದಬಸಪ್ಪನವರ ಡಬ್ಬಿಯ ಮೇಲೆ ಬಿತ್ತು. ಪ್ರಿನ್ಸಿಪಾಲರು ಪಂಚಾಕ್ಷರಿಯ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

“ಬರೀರಿ” ಎಂದರು, ಹಲ್ಲು ಕಟಕಟಿಸುತ್ತ. “ಬೇಡ, ನಾನೇ ಬರೀತೀನಿ, ಕೊಡಿ ಇಲ್ಲಿ!” ನೋಟ್‌ಬುಕ್ ಕಿತ್ತುಕೊಂಡು, ಅರ್ಧ ಪುಟ ಬರೆದು ಹರಿದು ಕೊಟ್ಟರು. “ತಂಡ ಮತ್ತೆ ಶುರು. ಲ್ಯಾಬು ಬೇರೆ ಕಡೆ ಕಟ್ಟಿದ್ರಾಯ್ತು. ಈ ರಸ್ತೆ ಮೇಲೆ ಓಡಬೇಕಾದೋರು ಓಡ್ಲಿ, ಅದಕ್ಕೆ ಜಾಗ ಸಿಗಬಾರದು. ಓಡಿ, ಹುಡುಗರಿಗೆ ಕೊಡಿ!”

ಪಂಚಾಕ್ಷರಿ ಎರಡನೆಯ ಸಲ ಓಡಿದ. ಈ ಸಲ ಸಂತೋಷಕ್ಕೆ. ಭಲೇ ಹುಡುಗರು! ಹೇಗೋ ಮಾಡಿ ಬೇಲಿಯ ಹಿಂದಿನಿಂದ ಓಡಿದ್ದಾರೆ. ಸದ್ದು ಇತ್ತ ಕೇಳಿಸಿದೆ, ನಾಯಿ ಗುರುತು ಹಿಡಿದಿದೆ, ಅಷ್ಟೇ. ಎಲೆ ಪುಡಿಯಾದದ್ದು ಗಾಳಿಗೆ. ಗಾಳಿ ಇತ್ತೇ? ಇದ್ದಿರಬೇಕು.

ಹಾಸ್ಟೆಲಿನ ದೊಡ್ಡ ಕೋಣೆಯ ಬಾಗಿಲಲ್ಲಿ ವಾರ್ಡನ್ ಚಕ್ರಪಾಣಿ ಆಕಳಿಸುತ್ತ ದೊಡ್ಡ ಬೀಗ ತೆಗೆಯುತ್ತಿದ್ದ.

“ಏನ್ರೀ ಇಷ್ಟು ಬೆಳಿಗ್ಗೆ? ಒಂದ್ನಿಮಿಷ, ಈಗ ತೆಗೀತಿದೀನಿ. ಪರೀಕ್ಷೆ ಮಾಡೋಣ ಅಂತ ಪ್ರಿನ್ಸಿಪಾಲರು ನಿನ್ನೆ ಸಂಜೆನೇ ಹೇಳಿಕಳಿಸಿದ್ರು. ರಾತ್ರಿಯಿಂದ ಆ ಎಂಟೂ ಜನಾನ ಈ ಒಂದೇ ಕೋಣೆಲಿ ಕೂಡಿಹಾಕಿ ಹೊರಗಿಂದ ಬೀಗ ಹಾಕಿದೀನಿ. ಕಿಟಕಿಗೆಲ್ಲ ಸರಳಿದೆ. ಒಂದು ಬೆಕ್ಕೂ ಆಚೆ ಹೋಗಿಲ್ಲ.”

ಒಳಗೆ ಎಂಟು ಚಾಪೆ, ಎಂಟು ಹೊದಿಕೆ, ಎಂಟು ಗೊರಕೆ. ಪಂಚಾಕ್ಷರಿ ಎರಡು ಸಲ ಎಣಿಸಿದ. ಕರಿಬಸಪ್ಪ ಕಣ್ಣುಜ್ಜುತ್ತ ಎದ್ದು ಕೂತ.

“ನೀವು ಹೇಳಿದ ಹಾಗೇ ಸಾರ್, ಯಾರೂ ಕದಲಿಲ್ಲ. ವಿಚಿತ್ರ ಏನು ಗೊತ್ತಾ? ಇವತ್ತು ಕಾಲು ಎದ್ದೇ ಇಲ್ಲ. ಎಲ್ಲರಿಗೂ ಕಲ್ಲು ಬಿದ್ದಂಗೆ ನಿದ್ದೆ.”

ಪಂಚಾಕ್ಷರಿ ಮೂರನೆಯ ಸಲ ಎಣಿಸಿದ. ಚೀಟಿ ಚಾಚಿದ. ಕರಿಬಸಪ್ಪ ಓದುತ್ತ ಓದುತ್ತ ಎದ್ದು ನಿಂತ. ಕಣ್ಣಲ್ಲಿ ನೀರು ಬಂತು. ಉಳಿದ ಏಳು ಜನರೂ ಎದ್ದು ಕೂಗಾಡಿದರು, ಒಬ್ಬ ಚಾಪೆಯ ಮೇಲೆ ಲಾಗ ಹಾಕಿದ.

“ಕೆಳಗೆ ಇನ್ನೊಂದು ಸಾಲಿದೆ ಸಾರ್” ಎಂದ ಕರಿಬಸಪ್ಪ. “ನಾಳೆಯಿಂದ ಗುಮಾಸ್ತ ಪಂಚಾಕ್ಷರಿಯವರು ತಂಡದ ಜೊತೆ ದಿನಾ ಬೆಳಿಗ್ಗೆ ಸುಂಕದಕಟ್ಟೆಯ ತನಕ ಹೋಗಿ ಬರತಕ್ಕದ್ದು. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುತ್ತ, ಎಲ್ಲರಿಗಿಂತ ಕೊನೆಯಲ್ಲಿ ಇರತಕ್ಕದ್ದು.”

ಅವನ ಮುಖದ ಬಣ್ಣ ನೋಡಿ ಹುಡುಗ ಸಮಾಧಾನ ಹೇಳಿದ. “ಹೆದರ್ಬೇಡಿ ಸಾರ್. ನಾವು ನಿಧಾನ ಹೋಗ್ತೀವಿ. ಮುಂದೆ ಇರೋ ಎಂಟೂ ಜನ ನಿಮ್ಮ ಕಣ್ಣಿಗೆ ಕಾಣ್ತಾನೇ ಇರ್ತೀವಿ.”

“ಮುಂದೆ ಇರೋರ ಚಿಂತೆ ನನಗಿಲ್ಲ ಕಣಪ್ಪಾ” ಎಂದ ಪಂಚಾಕ್ಷರಿ, ಹಿಂದೆ ತಿರುಗಿ ನೋಡುತ್ತ.